ತವರಿಗೆ ಹೋದವರ ಹಿಂದೆ

ಮಳೆಗಾಲ ಶುರುವಾಗುವ ಹೊತ್ತಿಗೆ ಪ್ರತಿವರ್ಷ ಶಿಗ್ಗಾಂವಿಗೆ ಪರದೇಶದ ಕಾಲೇಜು ಹುಡುಗ ಹುಡುಗಿಯರ ಒಂದು ತಂಡ ಬರುತ್ತದೆ. ಡಾಕ್ಟರಿಕೆ ಓದುವವರಲ್ಲ, ಇನ್ನೂ ಪದವಿ ಮುಗಿಸದವರು. ಅವರ ವಿಷಯ ಸಾರ್ವಜನಿಕ ಆರೋಗ್ಯ. ಎಂದರೆ, ಒಬ್ಬನಿಗೆ ಬಂದ ಜ್ವರವನ್ನು ಬಿಟ್ಟು ಊರಿಗೆ ಊರೇ ಯಾಕೆ ಜ್ವರ ಹಿಡಿದು ಮಲಗುತ್ತದೆ ಎಂದು ಕೇಳುವ ಓದು. ಅದನ್ನು ಪುಸ್ತಕದಲ್ಲಷ್ಟೇ ಓದಿದರೆ ಸಾಲದು, ಇನ್ನೊಂದು ದೇಶದ ಹಳ್ಳಿಯಲ್ಲಿ ಕೆಲವು ವಾರ ಇದ್ದು ಕಲಿಯಬೇಕು ಎಂದು ಅವರ ವಿಶ್ವವಿದ್ಯಾಲಯ ಕಳಿಸುತ್ತದೆ. ನಮ್ಮ ಕಡೆಯ ಒಂದು ಸೇವಾಸಂಸ್ಥೆ ಅವರ ಊಟ, ವಸತಿ, ಓಡಾಟ ನೋಡಿಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಅವರು ದುಭಾಷಿ ಕೆಲಸಕ್ಕೆ ಹಿಡಿದುಕೊಂಡರು.

ಮೊದಲಿಗೆ ನನಗೆ ಈ ವ್ಯವಹಾರ ಸುತರಾಂ ಸೇರಿರಲಿಲ್ಲ. ನಮ್ಮ ಚರಂಡಿಗಳನ್ನೂ ನಮ್ಮ ಬಾಣಂತಿಯರನ್ನೂ ನೋಡಲು ಇವರು ವಿಮಾನ ಹತ್ತಿ ಬರಬೇಕೇ, ತಮ್ಮ ದೇಶದಲ್ಲಿ ಯಾರಿಗೂ ಜಡ್ಡು ಜಾಪತ್ರೆ ಇಲ್ಲವೇ ಎಂದು ಸಂಸ್ಥೆಯವರ ಮುಖಕ್ಕೇ ಅಂದಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಅವರು ನಕ್ಕು, ಬಂದು ನೋಡಿ ಆಮೇಲೆ ಬೈಯಿರಿ ಎಂದರು. ಬಂದು ನೋಡಿದೆ. ಎಮ್ಮೆ ಕಂಡರೂ ಫೋಟೊ, ಗೋಡೆಗೆ ತಟ್ಟಿದ ಸೆಗಣಿಯ ಕುಳ್ಳು ಕಂಡರೂ ಫೋಟೊ ಎನ್ನುವವರು ಅವರಲ್ಲಿಯೂ ಇದ್ದರು. ಅಂಥವರನ್ನು ಕಣ್ಣಿನಲ್ಲೇ ಹೆದರಿಸಿ ಸುಮ್ಮನಾಗಿಸಿದೆ. ಆದರೆ ಆ ಓದಿನ ಒಂದು ಕಟ್ಟುನಿಟ್ಟು ನನಗೆ ಮೆಚ್ಚಿಗೆಯಾಯಿತು. ವಿದ್ಯಾರ್ಥಿಗಳು ಯಾರ ಮೈಯನ್ನೂ ಮುಟ್ಟುವಂತಿಲ್ಲ, ಗುಳಿಗೆ ಕೊಡುವಂತಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಎಂದು ಬುದ್ಧಿ ಹೇಳುವಂತಿಲ್ಲ. ಪರದೇಶದ ಮುಖ ಕಂಡ ಕೂಡಲೇ ನಮ್ಮವರು ಡಾಕ್ಟರು ಎಂದುಕೊಂಡು ನಾಡಿ ನೋಡಲು ಕೈ ಚಾಚುತ್ತಾರೆ. ಆಗ, ನಾನು ಡಾಕ್ಟರಲ್ಲ, ಇನ್ನೂ ಕಲಿಯುವವಳು ಎಂದು ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು. ಇಪ್ಪತ್ತರ ವಯಸ್ಸಿನಲ್ಲಿ ಅದೆಷ್ಟು ಕಷ್ಟ ಎಂಬುದು ಜೀವನವಿಡೀ ಆ ವಯಸ್ಸಿನ ಆಸುಪಾಸಿನವರಿಗೆ ಪಾಠ ಹೇಳಿದ ನನಗೆ ಗೊತ್ತು.

ಎರಡು ವರ್ಷದ ಹಿಂದೆ ಬಂದ ತಂಡದಲ್ಲಿ ಒಬ್ಬ ಹುಡುಗಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಉಳಿದುಕೊಂಡಳು. ಉದ್ದಕ್ಕೆ ಬೆಳೆದ ಹುಡುಗಿ. ಬಂದ ವಾರವೆಲ್ಲ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಸಿಕೊಂಡಳು. ಅವಳ ಅಪ್ಪ ಅಮ್ಮ ಆಕಳು ಸಾಕಿ ಹಾಲು ಮಾರುವವರಂತೆ. ಹಾಗಾಗಿ ಸೆಗಣಿ ಕಂಡರೆ ಮೂಗು ಮುಚ್ಚುತ್ತಿರಲಿಲ್ಲ. ಕೆಂಪು ಚಟ್ನಿ ಹಚ್ಚಿದ ಜೋಳದ ರೊಟ್ಟಿಯನ್ನು ಕಣ್ಣಲ್ಲಿ ನೀರು ಸುರಿಸುತ್ತ ತಿಂದು, ಮತ್ತೊಂದು ಕೊಡಿ ಎನ್ನುತ್ತಿದ್ದಳು. ಯಾರಿಗೆ ಮರ್ಯಾದೆ ಕೊಡಬೇಕು, ಯಾರಿಗೆ ಬೇಕಾಗಿಲ್ಲ ಎಂಬುದು ತಿಳಿಯದೆ ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುತ್ತಿದ್ದಳು. ನಮ್ಮ ಓಣಿಯ ನಾಯಿಗೂ ‘ಬರ್ರಿ, ಕುಂದರ್ರಿ’ ಎಂದಾಗ ಅಕ್ಕಪಕ್ಕದವರು ಹೊಟ್ಟೆ ಹಿಡಿದು ನಕ್ಕರು. ಆ ನಾಯಿ ಮಾತ್ರ ಅವಳ ಬೆನ್ನು ಬಿಡಲಿಲ್ಲ.

ಅವಳಿಗೆ ಕೊಟ್ಟ ಊರು ದುಂಡಸಿ. ಗರ್ಭಿಣಿಯರು ಕಬ್ಬಿಣದ ಗುಳಿಗೆಗಳನ್ನು ಕೊನೆಯವರೆಗೆ ನುಂಗುತ್ತಾರೋ ಇಲ್ಲವೋ ಎಂಬುದು ಅವಳು ಆರಿಸಿಕೊಂಡು ಬಂದ ಪ್ರಶ್ನೆ. ನಾವಿಬ್ಬರೂ ಬೆಳಗಿನ ಬಸ್ಸಿಗೆ ಹೋಗಿ, ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ತಿರುಗಿ, ಸಂಜೆಗೆ ಬರುತ್ತಿದ್ದೆವು. ಒಂದು ದಿನ ಅವಳು ತಲೆಯ ಮೇಲೆ ಕೈ ಹೊತ್ತು ಕುಳಿತಳು. ಚೊಚ್ಚಲ ಬಸುರಿಯರೆಲ್ಲ ಏಳನೆಯ ತಿಂಗಳ ಹೊತ್ತಿಗೆ ತಪಾಸಣೆಗೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ, ಏನು ಕಾರಣ, ಹೆದರಿಕೆಯೋ ನಂಬಿಕೆ ಇಲ್ಲವೋ ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಹೆದರಿಕೆಯೂ ಇಲ್ಲ ಮಣ್ಣೂ ಇಲ್ಲ, ಕುಬಸ ಮಾಡಿಸಿಕೊಂಡು ತವರಿಗೆ ಹೋಗಿರುತ್ತಾರೆ ಎಂದೆ. ಕುಬಸ ಎಂದರೆ ನಮ್ಮ ಕಡೆಯ ಸೀಮಂತ. ತವರಿನವರು ಬುತ್ತಿ ಕಟ್ಟಿಕೊಂಡು ಬಂದು, ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಮೊದಲ ಹೆರಿಗೆಗೆ ಕರೆದುಕೊಂಡು ಹೋಗುತ್ತಾರೆ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ.

ಅವಳು ನಗಲಿಲ್ಲ. ಹಾಗಾದರೆ ಅಲ್ಲಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ಅವರ ಅವ್ವ ಇರುತ್ತಾಳಲ್ಲ ಎಂದೆ. ಅಲ್ಲ, ಇಲ್ಲಿಯ ನರ್ಸಿಗೆ ಗೊತ್ತಿರುವುದು ಅಲ್ಲಿಯ ನರ್ಸಿಗೆ ಹೇಗೆ ಗೊತ್ತಾಗುತ್ತದೆ ಎಂದಳು. ಮರುದಿನ ಅವಳು ತಂಡದ ಜೊತೆ ಬಂದಿದ್ದ ತನ್ನ ಗುರುಗಳನ್ನು ಒಪ್ಪಿಸಿ, ತನ್ನ ದೇಶದಲ್ಲಿ ಸಿದ್ಧಮಾಡಿಕೊಂಡು ಬಂದಿದ್ದ ವಿಷಯವನ್ನೇ ಬಿಟ್ಟಳು. ತವರಿಗೆ ಹೋದವರ ಹಿಂದೆ ಹೋಗಿ ನೋಡುವುದೇ ಅವಳ ಹೊಸ ಕೆಲಸವಾಯಿತು.

ಹಾಗೆ ನನ್ನ ಮೊಣಕಾಲು ನೋವಿಗೂ ನಾಲ್ಕು ತಾಲ್ಲೂಕಿನ ಬಸ್ಸುಗಳು ಸಿಕ್ಕವು. ಒಬ್ಬ ಸೊಸೆಯನ್ನು ಹುಡುಕಿಕೊಂಡು ಸವಣೂರಿನ ಮೇಲೆ ಯಲವಿಗಿಗೆ ಹೋದೆವು. ಇನ್ನೊಬ್ಬಳಿಗಾಗಿ ಹಾನಗಲ್ಲಿನ ಹತ್ತಿರದ ಒಂದು ಹಳ್ಳಿಗೆ, ಗದ್ದೆಯ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಬಸ್ಸಿನಲ್ಲಿ ನನಗೆ ಪುಕ್ಕಟೆ, ಅವಳಿಗೆ ಪೂರ್ತಿ ಟಿಕೆಟ್. ಅದನ್ನು ಹೇಳಿ ಹೇಳಿ ಕಾಡಿಸುತ್ತಿದ್ದೆ. ಹೋದ ಮನೆಯಲ್ಲೆಲ್ಲ ಅವಳಿಗೆ ಒಂದೇ ಸಂಕಟ. ಮನೆಯ ಹೆಂಗಸರು ನೆಲದ ಮೇಲೆ ಕುಳಿತು, ಇವಳಿಗೆ ಮಾತ್ರ ಕುರ್ಚಿ ಒರೆಸಿ ಹಾಕುತ್ತಿದ್ದರು. ಫ್ಯಾನಿನ ಮುಖ ಇವಳ ಕಡೆ ತಿರುಗಿಸುತ್ತಿದ್ದರು. ಇವಳನ್ನು ನೋಡಲು ಬಂದ ನೆರೆಯವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನು ಇವರಿಂದ ಕಲಿಯಲು ಬಂದವಳು, ನನ್ನನ್ನು ಹೀಗೆ ಮೆರೆಸಿದರೆ ಏನು ಕಲಿಯಲಿ ಎಂದು ಹಿಂದಿರುಗುವಾಗ ಮುಖ ಸಣ್ಣ ಮಾಡುತ್ತಿದ್ದಳು. ಬಂದವರಿಗೆ ಕುರ್ಚಿ ಕೊಡದಿದ್ದರೆ ಅವರಿಗೆ ರಾತ್ರಿ ಅನ್ನ ಸೇರುವುದಿಲ್ಲ, ತೆಪ್ಪಗೆ ಕುಳಿತುಕೋ ಎಂದು ನಾನು ಗದರುತ್ತಿದ್ದೆ.

ದುಂಡಸಿಯಲ್ಲಿ ಒಬ್ಬ ಸೊಸೆಯ ಮೇಲೆ ಅವಳಿಗೆ ವಿಶೇಷ ಅಕ್ಕರೆ. ಇಬ್ಬರೂ ಓರಗೆಯವರು. ಕುಬಸಕ್ಕೆ ಕೆಲವು ದಿನ ಮೊದಲು ಊರಿನ ಆರೋಗ್ಯ ಉಪಕೇಂದ್ರದ ತಪಾಸಣೆಯಲ್ಲಿ ಆ ಸೊಸೆಯ ಬಿ.ಪಿ. ಏರಿದ್ದು ಕಂಡುಬಂತು. ನರ್ಸು ಅವಳ ಅತ್ತೆಯನ್ನು ಕರೆದು, ನಮ್ಮೆದುರಿಗೇ, ಇದನ್ನು ಹಗುರ ಮಾಡಬೇಡಿ, ವಾರದೊಳಗೆ ಮತ್ತೆ ತೋರಿಸಿ, ಕಾಲು ಬಾತರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ನಿಂತ ನಿಲುವಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಹೇಳಿದರು. ಅತ್ತೆ ಗಂಭೀರವಾಗಿ ತಲೆಯಾಡಿಸಿದಳು. ಅಷ್ಟರಲ್ಲಿ ಕುಬಸ ಬಂತು. ಹಿರೇಕೆರೂರಿನ ಆಚೆಯ ಹಳ್ಳಿಯಿಂದ ತವರಿನವರು ಟೆಂಪೊ ಮಾಡಿಕೊಂಡು ಬಂದರು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನಾಲ್ಕೈದು ಬಗೆಯ ಅನ್ನ. ನಮ್ಮ ಹುಡುಗಿಯ ಕೈಗೂ ಹಸಿರು ಬಳೆ ಏರಿದವು. ಸಂಜೆ ಸೊಸೆ ಟೆಂಪೊ ಹತ್ತಿ ಹೋದಳು.

ವಾಪಸು ಬರುವಾಗ ಹುಡುಗಿ ಕೇಳಿದ್ದು ಒಂದೇ: ಅತ್ತೆ ಸೊಸೆಯ ತಾಯಿಗೆ ಬಿ.ಪಿ. ವಿಷಯ ಹೇಳಿದರೇ? ನಾನಂತೂ ಕೇಳಿಸಿಕೊಂಡಿರಲಿಲ್ಲ. ಶುಭಕಾರ್ಯದಲ್ಲಿ ಯಾರು ಜಡ್ಡಿನ ಮಾತು ಎತ್ತುತ್ತಾರೆ ಎಂದೆ.

ಅವಳು ತನ್ನ ನಿಯಮದ ಪ್ರಕಾರ ನಡೆದುಕೊಂಡಳು. ತನ್ನ ಗುರುಗಳಿಗೆ ತಿಳಿಸಿದಳು, ಅವರು ಉಪಕೇಂದ್ರದ ನರ್ಸಿಗೆ ತಿಳಿಸಿದರು. ನರ್ಸು ಆ ಸೊಸೆಗೆ ಫೋನ್ ಮಾಡಿದರು. ಆರಾಮ ಅದೇನ್ರಿ, ತೋರಿಸ್ತೇನ್ರಿ ಎಂಬ ಉತ್ತರ ಬಂತು. ತವರಿನ ಹಳ್ಳಿಯ ಆಶಾ ಕೆಲಸ ಬಿಟ್ಟು ಹೋಗಿ, ಆ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ವಾರ ಕಳೆದು ಮತ್ತೆ ಫೋನ್ ಮಾಡಿದರೂ ಅದೇ ಆರಾಮ, ಅದೇ ತೋರಿಸ್ತೇನ್ರಿ. ನಿನ್ನ ಅವ್ವನಿಗೆ ಕೊಡು ಎಂದರೆ ಹೊಲಕ್ಕೆ ಹೋಗ್ಯಾಳ್ರಿ ಎಂದಳು. ತೋರಿಸಿರಲಿಲ್ಲ. ಸೊಸೆಯ ಗಂಡ ಸರಕಿನ ಗಾಡಿ ಓಡಿಸಿಕೊಂಡು ವಾರದ ಆರು ದಿನ ಊರ ಹೊರಗೇ ಇರುತ್ತಿದ್ದ. ಅವ್ವ ನೋಡಿಕೊಳ್ಳುತ್ತಾಳೆ ಎಂದು ಅವನು ನಿಶ್ಚಿಂತನಾಗಿದ್ದ. ಯಾವ ಅವ್ವ ಎಂದು ಅವನನ್ನು ಯಾರೂ ಕೇಳಲಿಲ್ಲ.

ನಾವು ಅತ್ತೆಯ ಬಳಿಗೆ ಹೋದೆವು. ಎಮ್ಮೆಗೆ ಮೇವು ಹಾಕುತ್ತಿದ್ದ ಆಕೆ ನಮ್ಮನ್ನು ಕಂಡು, ನಾವು ಬಂದ ಕಾರಣವನ್ನೂ ಕಂಡಳು. ಮೊದಲು ಸಿಟ್ಟು ಮಾಡಿದಳು. ಸೊಸೆಯನ್ನು ತಾನು ಹೇಗೆ ನೋಡಿಕೊಂಡೆ ಎಂಬುದನ್ನೆಲ್ಲ ಹೇಳಿದಳು. ಬಿ.ಪಿ. ಎಂದು ತಿಳಿದ ದಿನದಿಂದ ಅವಳಿಗೆ ಬೇರೆಯಾಗಿ ಉಪ್ಪು ಕಡಿಮೆ ಹಾಕಿ ಸಾರು ಮಾಡಿದ್ದಳಂತೆ. ಹಾಗಾದರೆ ಬೀಗರಿಗೆ ಯಾಕೆ ಹೇಳಲಿಲ್ಲ ಎಂದು ನಾನು ಜಬರದಸ್ತಿನಿಂದಲೇ ಕೇಳಿದೆ. ಆಕೆ ಮೇವಿನ ಕಟ್ಟು ಕೆಳಗಿಟ್ಟಳು.

“ಹೆಂಗ ಹೇಳೂದ್ರಿ? ನಿಮ್ಮ ಮಗಳಿಗೆ ಜಡ್ಡೈತಿ ಅಂದ್ರ, ಗಂಡನ ಮನ್ಯಾಗ ಕೂಳು ಹಾಕಿಲ್ಲ ಅಂತಾರ. ಇಲ್ಲಂದ್ರ ದವಾಖಾನಿ ಖರ್ಚು ನಮ್ಮ ತೆಲಿಗೆ ಕಟ್ಟಾಕತ್ತಾರ ಅಂತಾರ. ಈಗ ಹೋಗಿ ಹೇಳಬೇಕಂದ್ರ, ಕೂಸು ಹುಟ್ಟೂದಕ್ಕಿಂತ ಮೊದ್ಲ, ಕರೀದ, ಬೀಗರ ಮನಿಗೆ ಹೋದ್ರ ಏನ ತಿಳಕೊಂಡಾರು?”

ಫೋನಿನಲ್ಲಾದರೂ ಹೇಳಿ ಎಂದೆ. ಅಂಥ ಮಾತನ್ನು ಫೋನಿನಲ್ಲಿ ಹೇಳುವುದು ಇನ್ನೂ ಅಮರ್ಯಾದೆ ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ತಲೆ ಕೆಟ್ಟುಹೋಯಿತು. ಜೀವಕ್ಕಿಂತ ನಿಮ್ಮ ಮರ್ಯಾದೆ ಹೆಚ್ಚಾಯಿತೇ ಎಂದು ಕೂಗಬೇಕೆನ್ನಿಸಿತು. ಹುಡುಗಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಸಿಟ್ಟನ್ನೂ ಸೇರಿಸಿಯೇ ಹೇಳಿದೆ.

ಅವಳು ಸಿಟ್ಟನ್ನು ಬದಿಗಿಟ್ಟು ಉಳಿದದ್ದನ್ನು ಕೇಳಿಸಿಕೊಂಡಳು. ಆಮೇಲೆ, ಹೇಳಬಾರದು ಎಂಬ ಮನಸ್ಸು ಇವರಿಗಿಲ್ಲ, ಹೋಗಲು ದಾರಿ ಇಲ್ಲ ಅಷ್ಟೇ, ಅಲ್ಲವೇ ಎಂದು ಕೇಳಿದಳು. ಹೌದು ಎಂದೆ. ಒಬ್ಬ ಅತಿಥಿ ತಾನಾಗಿ ಬೀಗರ ಊರು ನೋಡಬೇಕು ಎಂದರೆ, ಕರೆದುಕೊಂಡು ಹೋಗುವುದು ತಪ್ಪಾಗುತ್ತದೆಯೇ? ಸೊಸೆ ಹುಟ್ಟಿ ಬೆಳೆದ ಮನೆ ನೋಡುವ ಆಸೆ ನನಗೆ ನಿಜವಾಗಿಯೂ ಇದೆ. ಇವರನ್ನು ಕೇಳಿ ನೋಡಿ ಎಂದಳು.

ಕುರ್ಚಿ ಬೇಡ, ಮೆರವಣಿಗೆ ಬೇಡ ಎಂದು ಅಷ್ಟು ದಿನ ಅತ್ತ ಹುಡುಗಿ ಇವಳೇ. ಆ ಕುರ್ಚಿಯನ್ನೇ ಈಗ ತಾನಾಗಿ ಕೇಳುತ್ತಿದ್ದಳು. ನನಗೆ ಅವಳ ಮೇಲೆ ಆ ಕ್ಷಣ ಉಕ್ಕಿದ ಪ್ರೀತಿಯನ್ನು ಏನೆಂದು ಹೇಳಲಿ. ಅತ್ತೆ ಅವಳ ಮುಖವನ್ನೇ ನೋಡಿ, ನನ್ನ ಕಡೆ ತಿರುಗಿ, ಈ ಹುಡುಗಿ ಭಾಳ ಶಾಣ್ಯಾಕಿ ಅದಾಳ ಎಂದಳು. ಗುರುಗಳೂ ಒಪ್ಪಿದರು. ಆದರೆ ಒಂದು ಷರತ್ತನ್ನು ಹುಡುಗಿಯೇ ಹಾಕಿಕೊಂಡಳು: ಅಲ್ಲಿ ತಾನು ಆರೋಗ್ಯದ ಮಾತು ಆಡುವುದಿಲ್ಲ. ನನಗೂ ಆಡಬೇಡಿ ಎಂದಳು. ಹೇಳಬೇಕಾದವರು ಅತ್ತೆ, ನಾವು ಅವರ ಜೊತೆ ಹೋಗುವವರು ಮಾತ್ರ.

ಮರುದಿನ ಮೂವರೂ ಬಸ್ಸು ಬದಲಿಸುತ್ತ ಹಿರೇಕೆರೂರು ದಾಟಿ ಆ ಹಳ್ಳಿ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅತ್ತೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದ್ದಳು. ಹುಡುಗಿ ತನ್ನ ಕಡೆಯಿಂದಲೂ ಏನಾದರೂ ಇರಲಿ ಎಂದು ಹಿಂದಿನ ಸಂಜೆ ಸವಣೂರಿನ ಹೆಸರಾದ ಖಾರದ ತಿಂಡಿಯ ಪೊಟ್ಟಣ ತರಿಸಿದ್ದಳು. ದಾರಿಯುದ್ದಕ್ಕೂ ಮೆಕ್ಕೆಜೋಳದ ಎಳೆಯ ಹೊಲಗಳು. ಅತ್ತೆ ಕಿಟಕಿಯ ಹೊರಗೆ ನೋಡುತ್ತ ತುಟಿ ಅಲುಗಿಸುತ್ತಿದ್ದಳು. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

ಸೊಸೆಯ ತಾಯಿ ಅಂಗಳಕ್ಕೇ ಓಡಿ ಬಂದಳು. ಕಾಲಿಗೆ ನೀರು, ಕುರ್ಚಿ, ಫ್ಯಾನು, ಬಾಗಿಲಲ್ಲಿ ನೆರೆಯವರು. ಪರದೇಶದ ಹುಡುಗಿ ತಮ್ಮ ಮನೆ ಹುಡುಕಿಕೊಂಡು ಬಂದಳೆಂಬ ಸಂಭ್ರಮದಲ್ಲಿ, ಅತ್ತೆ ಕರೆಯದೆ ಬಂದಳೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಒಳಗಿನಿಂದ ಸೊಸೆ ಬಂದಳು. ಅವಳ ಮುಖ ಊದಿತ್ತು. ಪಾದಗಳು ಬಾತು, ಕಾಲುಂಗುರ ಬೆರಳಿನಲ್ಲಿ ಹೂತುಹೋದಂತಿತ್ತು. ನಗುತ್ತಲೇ ಬಂದು ಹುಡುಗಿಯ ಕೈ ಹಿಡಿದುಕೊಂಡು ಕುಳಿತಳು.

ಚಹಾ ಆಯಿತು. ಮಳೆಯ ಮಾತಾಯಿತು, ಬಿತ್ತನೆಯ ಮಾತಾಯಿತು, ಟೆಂಪೊದವನು ಕುಬಸದ ದಿನ ದಾರಿ ತಪ್ಪಿಸಿದ ಮಾತಾಯಿತು. ಬುತ್ತಿ ಬಿಚ್ಚಿ ಊಟಕ್ಕೆ ಹಾಕಿದರು. ಅತ್ತೆ ಬಾಯಿ ತೆರೆಯುತ್ತಾಳೆ, ಮತ್ತೆ ಪಲ್ಯ ಬಡಿಸಲು ಹೋಗುತ್ತಾಳೆ. ನನಗೆ ತಡೆಯಲಾಗಲಿಲ್ಲ, ನಾನೇ ಹೇಳಿ ಮುಗಿಸಿಬಿಡೋಣ ಎಂದು ಬಾಯಿ ಹಾಕುವಷ್ಟರಲ್ಲಿ ಹುಡುಗಿ ನನ್ನ ಮೊಣಕೈ ಮುಟ್ಟಿದಳು. ತಡೆಯಿರಿ ಎಂದು ಕಣ್ಣಲ್ಲೇ ಹೇಳಿದಳು. ಬದುಕಿನಲ್ಲಿ ನನ್ನ ಬಾಯಿ ಮುಚ್ಚಿಸಿದವರು ಕಡಿಮೆ. ಮುಚ್ಚಿಕೊಂಡು ಕುಳಿತೆ.

ಊಟ ಮುಗಿದು ನೆರೆಯವರು ಒಬ್ಬೊಬ್ಬರಾಗಿ ಹೋದ ಮೇಲೆ ಅತ್ತೆ ಗೋಡೆಗೆ ಒರಗಿ ಕುಳಿತಳು. ಬೀಗತಿಯ ಮುಖ ನೋಡದೆ, ನೆಲ ನೋಡುತ್ತ ಮಾತಾಡಿದಳು.

“ಬೀಗತೀ, ಒಂದ ಮಾತು ಹೇಳದ ಕಳಿಸಿದ್ದೆ. ಇಕಿಗೆ ಬಿ.ಪಿ. ಏರೇತಿ. ನರ್ಸಬಾಯಿ ನನ್ನ ಮುಂದನ ಹೇಳಿದ್ರು. ಕುಬಸದ ದಿವಸ ನಾಕ ಮಂದ್ಯಾಗ ಹೇಳಾಕ ನನಗ ಬಾಯಿ ಬರಲಿಲ್ಲ.”

ತಾಯಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಿದ್ದವಳು ಹಾಗೇ ನಿಂತಳು. ಜಗಳಕ್ಕೆ ಬರುತ್ತಾಳೆ ಎಂದು ನಾನು ಸೆರಗು ಬಿಗಿದುಕೊಂಡೆ. ಅವಳು ಅಲ್ಲಿಯೇ ಕುಸಿದು ಕುಳಿತಳು.

“ಬಂದ ಮರುದಿವಸನ ಅಕಿ ಕಾಲು ನೋಡೇನ್ರಿ ನಾನು. ನಿಮಗ ಕೇಳಬೇಕಂತ ಎಷ್ಟ ಸಲ ಫೋನ್ ತಗೊಂಡು ಹಂಗ ಇಟ್ಟೇನಿ. ಕೇಳಿದ್ರ ನಿಮ್ಮ ಮ್ಯಾಲೆ ತಪ್ಪು ಹೊರಿಸಿದಂಗ ಆಕ್ಕೈತೆಲ್ಲಾ ಅಂತ ಸುಮ್ಮನಿದ್ದೆ.”

ಇವಳಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ನೋವಾಗಬಾರದೆಂದು ಇಬ್ಬರೂ ಬಾಯಿ ಹೊಲಿದುಕೊಂಡಿದ್ದರು, ನಡುವೆ ಆ ಎಳೆಯ ಹೆಣ್ಣು ಇಬ್ಬರಿಗೂ ಆರಾಮ ಎನ್ನುತ್ತ ಓಡಾಡಿಕೊಂಡಿತ್ತು. ಈಗ ಅದೂ ಬಾಯಿ ಬಿಟ್ಟಿತು.

“ಯವ್ವಾ, ಮುಂಜಾನಿಂದ ನನಗ ಕಣ್ಣ ಮುಂದ ಮಂಜ ಮಂಜ ಆಗಾಕತ್ತೈತಿ.”

ಆಮೇಲೆ ಯಾರೂ ಯಾರ ಮರ್ಯಾದೆಯನ್ನೂ ನೋಡಲಿಲ್ಲ. ಪಕ್ಕದ ಮನೆಯ ಜೀಪಿನಲ್ಲಿ ಅವಳನ್ನು ಹಿರೇಕೆರೂರಿನ ಆಸ್ಪತ್ರೆಗೆ ತಂದೆವು. ಡಾಕ್ಟರು ಬಿ.ಪಿ. ನೋಡಿ, ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಹಾವೇರಿಗೆ ಕಳಿಸಿದರು. ಇನ್ನೊಂದು ದಿನ ತಡವಾಗಿದ್ದರೆ ಫಿಟ್ಸ್ ಬಂದು ಎರಡೂ ಜೀವ ಕೈಬಿಟ್ಟು ಹೋಗುತ್ತಿದ್ದವು ಎಂದು ಅವರು ನನಗೆ ಹೇಳಿದರು. ಆಂಬುಲೆನ್ಸಿನಲ್ಲಿ ಒಬ್ಬರು ಮಾತ್ರ ಹತ್ತಿ ಎಂದರೂ ಕೇಳದೆ ಅತ್ತೆ, ತಾಯಿ ಇಬ್ಬರೂ ಒತ್ತಿಕೊಂಡು ಕುಳಿತು ಹೋದರು. ಹುಡುಗಿ ಆಸ್ಪತ್ರೆಯ ಬಾಗಿಲು ದಾಟಿರಲಿಲ್ಲ. ಖಾಲಿ ಬುತ್ತಿಯ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಹೊರಗಿನ ಬೇವಿನ ಕೆಳಗೆ ನಿಂತಿದ್ದಳು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ನನ್ನ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಅಷ್ಟು ಉದ್ದದ ಹುಡುಗಿ ಬಗ್ಗಿ ಅಳಬೇಕಾಯಿತು. ನನಗೂ ಅಳು ಬಂತು.

ತಮ್ಮ ದೇಶಕ್ಕೆ ಹೊರಡುವ ಮೊದಲು ವಿದ್ಯಾರ್ಥಿಗಳು ತಾವು ಕಲಿತದ್ದನ್ನು ಹತ್ತು ಜನರೆದುರು ಹೇಳಬೇಕು. ಶಿಗ್ಗಾಂವಿಯಲ್ಲಿ ನಡೆದ ಆ ಸಭೆಗೆ ಆಶಾ, ನರ್ಸು ಎಲ್ಲ ಬಂದಿದ್ದರು. ಹುಡುಗಿ ತವರಿಗೆ ಹೋದವರ ಬಗ್ಗೆ ಚೆನ್ನಾಗಿ ಮಾತಾಡಿದಳು. ಕುಬಸಕ್ಕೆ ಎರಡೂ ಕಡೆಯವರು ಕೂಡುತ್ತಾರಲ್ಲ, ಅದಕ್ಕೆ ಮೊದಲೇ ಎರಡೂ ಊರಿನ ಆಶಾರು ಒಬ್ಬರಿಗೊಬ್ಬರು ಮಾತಾಡಿದರೆ ಬೀಗರ ಮೇಲೆ ಭಾರ ಬೀಳುವುದಿಲ್ಲ ಎಂದು ಬಂದ ಆಶಾ, ನರ್ಸುಗಳೇ ತಮ್ಮತಮ್ಮಲ್ಲಿ ಚರ್ಚೆ ಮಾಡಿದರು. ಆದರೆ ಈ ಸೊಸೆಯ ಕಥೆಯನ್ನು ಅವಳು ಎತ್ತಲೇ ಇಲ್ಲ. ಅದೇ ನಿನ್ನ ದೊಡ್ಡ ಸಾಧನೆ, ಅದನ್ನು ಹೇಳು ಎಂದು ನಾನು ಮೊದಲೇ ಜಗಳವಾಡಿದ್ದೆ. ಅದನ್ನು ಮಾಡಿದವರು ಆ ಇಬ್ಬರು ತಾಯಂದಿರು, ನಾನು ಕುರ್ಚಿಯ ಮೇಲೆ ಕುಳಿತಿದ್ದೆ ಅಷ್ಟೇ ಎಂದಳು.

ಅವಳು ಹೋದ ಮೇಲೆ ಹೆರಿಗೆಯಾಯಿತು, ದಿನ ತುಂಬುವ ಮೊದಲೇ. ಆ ಕೂಸು ಇಂದು ದುಂಡಸಿಯ ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತದೆ, ಅದರ ತಾಯಿ ಅದರ ಹಿಂದೆ ಓಡುತ್ತಾಳೆ. ಆದರೆ ಅಂದು ಹಾವೇರಿಯ ಆಸ್ಪತ್ರೆಯಲ್ಲಿ ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಕೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ನೋಡಲು ಹೋದಾಗ ಅಜ್ಜಿಯರಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತಿದ್ದರು. ಆ ಹುಡುಗಿಗೆ ಫೋನ್ ಹಚ್ಚಿ ಎಂದರು. ಹಚ್ಚಿದೆ. ಪರದೆಯ ಮೇಲೆ ನಿದ್ದೆಗಣ್ಣಿನ ಮುಖ ಮೂಡಿತು. ಅತ್ತೆ ಫೋನಿನ ಹತ್ತಿರ ಬಾಗಿ, ಕೂಸು ಅಂಗೈಯಷ್ಟಿದೆ, ಹಾಲು ಹಿಡಿಯುತ್ತಿಲ್ಲ, ಕಾಮಾಲೆ ಕಂಡಿದೆ, ಸೊಸೆಯ ಬಿ.ಪಿ. ಇನ್ನೂ ಇಳಿದಿಲ್ಲ, ಡಾಕ್ಟರು ಏನೂ ಹೇಳಲಾಗದು ಎನ್ನುತ್ತಾರೆ ಎಂದು ಒಂದೂ ಬಿಡದೆ ಹೇಳಿದಳು. ಹುಡುಗಿ ನನ್ನ ಮುಖ ನೋಡಿದಳು. ಅಷ್ಟು ದೂರದಲ್ಲಿ ಒಬ್ಬಳೇ ಇದ್ದಾಳೆ, ಯಾಕೆ ಹೆದರಿಸುವುದು ಎನ್ನಿಸಿತು. ಮಗು ಹುಟ್ಟಿದೆ, ಇಬ್ಬರೂ ಆರಾಮವಾಗಿದ್ದಾರೆ ಎಂದೆ ಇಂಗ್ಲಿಷಿನಲ್ಲಿ.

ಅತ್ತೆ ನನ್ನ ಕೈ ಹಿಡಿದಳು.

“ನಾ ಅಷ್ಟ ಹೇಳಿದೆ, ನೀವು ಇಷ್ಟ ಹೇಳಿದ್ರಿ. ಹಂಗ ಮಾಡಬ್ಯಾಡ್ರಿ ಅಕ್ಕಾರ. ಎಲ್ಲಾ ಹೇಳ್ರಿ ಅಕಿಗೆ. ಅಕಿ ಏನು ನಮಗ ಬೀಗತ್ಯೇನು?”

ನಾನು ಮೊದಲಿನಿಂದ ಶುರುಮಾಡಿ ಎಲ್ಲ ಹೇಳಿದೆ.